ಪಶು ಆಹಾರದ ಬೂಷ್ಟು ವಿಷಕ್ಕೆ ಬ್ಯಾಕ್ಟೀರಿಯಾ ಮದ್ದಾದೀತೆ?

ಪರ

ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬಿಸಿಲಿಗೆ ಹರವಿ, ಕೇರಿ, ಕಣ್ಣಿಗೆ ಕಾಣುವ ಬೂಷ್ಟನ್ನೆಲ್ಲ ಉದುರಿಸಬಹುದು. ಅದು ಕಾಳಿನೊಳಗೆ ಬಿಟ್ಟುಹೋದ ವಿಷ ಮಾತ್ರ ಹಾಗೇ ಉಳಿಯುತ್ತದೆ. ಅಂಥ ಬೂಷ್ಟು ವಿಷಗಳಲ್ಲೊಂದಾದ ಅಫ್ಲಾಟಾಕ್ಸಿನ್ ಕುದಿಸಿದರೂ ಜಗ್ಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲಿನ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಈ ವಿಷದ ಪತ್ತೆಯಾದದ್ದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಮೇವಿಗೆ ಬೆರೆಸುವ ಬೆಂಟೊನೈಟ್ ಜೇಡಿಪುಡಿ ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿಯೇ ಹಿಡಿದಿಡುತ್ತದೆ. ಆದರೆ ಫ್ಯುಸೇರಿಯಂ ಬೂಷ್ಟಿನ ಡಿಯಾಕ್ಸಿನಿವಲೆನಾಲ್ ಅದಕ್ಕೆ ಅಂಟುವುದು ತೀರ ಕಡಿಮೆ. ಆ ವಿಷ ಹೊಟ್ಟೆಗೆ ಹೋದರೆ ಹಂದಿ ಮೇವು ಬಿಡುತ್ತದೆ, ವಾಂತಿ ಮಾಡುತ್ತದೆ. ಹಸುವಿಗೆ ಅಷ್ಟು ತೊಂದರೆಯಿಲ್ಲ, ಅದರ ರೂಮೆನ್‌ನಲ್ಲಿರುವ, ಅಂದರೆ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ವಿಷವನ್ನು ಮೊದಲೇ ಮುರಿದುಹಾಕುತ್ತವೆ. ಆ ರೂಮೆನ್ ದ್ರವದಿಂದಲೇ ಹೆಕ್ಕಿದ ಬ್ಯಾಕ್ಟೀರಿಯಾ ಬಿಬಿಎಸ್‌ಎಚ್ 797. ವಿಷದ ಅಣುವಿನಲ್ಲಿ ಕೇಡೆಲ್ಲ ಇರುವುದು ಇಪಾಕ್ಸೈಡ್ ಉಂಗುರದಲ್ಲಿ. ಈ ಬ್ಯಾಕ್ಟೀರಿಯಾ ಮುರಿಯುವುದು ಅದನ್ನೇ. ಐರೋಪ್ಯ ಒಕ್ಕೂಟ 2013ರಲ್ಲಿ ಹಂದಿ ಮೇವಿಗೆ, ಆಮೇಲೆ ಕೋಳಿ ಮೇವಿಗೂ ಇದನ್ನು ಒಪ್ಪಿತು.

ಜೀವಂತ ಬ್ಯಾಕ್ಟೀರಿಯಾ ಬೇಡವೇ? ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟು ವಿಷವನ್ನು ಒಡೆಯುವ ಬ್ಯಾಕ್ಟೀರಿಯಾದ ಜೀನನ್ನು ಯೀಸ್ಟಿಗೆ ಸೇರಿಸಿ, ಕಿಣ್ವವನ್ನಷ್ಟೇ ತೆಗೆದು ಮಾರುವುದೂ ಶುರುವಾಗಿದೆ. ಮಳೆಗೆ ಸಿಕ್ಕ ಬೆಳೆಯನ್ನು ಸುಟ್ಟುಹಾಕಿ ಎಂದು ರೈತನಿಗೆ ಹೇಳುವುದು ಸುಲಭ. ಸುಡುವವರು ಯಾರು?

ವಿರೋಧ

ಹಂದಿ, ಕೋಳಿಗಳ ವಿಚಾರ ಒಪ್ಪೋಣ. ನಮ್ಮ ಹೈನುಗಾರರಿಗೆ ಕಾಟ ಕೊಡುವುದು ಅಫ್ಲಾಟಾಕ್ಸಿನ್. ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ವಿಷದ ಶೇ 1ರಿಂದ 6ರಷ್ಟು ಎಂ1 ರೂಪದಲ್ಲಿ ಹಾಲಿಗೆ ಇಳಿಯುತ್ತದೆ, ಕಾಸಿದರೂ ಹೋಗುವುದಿಲ್ಲ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ತೆಗೆದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಇದು ಮಿತಿ ಮೀರಿತ್ತು. ರೂಮೆನ್ ಸೂಕ್ಷ್ಮಜೀವಿಗಳ ಗುಣಗಾನ ಮೇಲೆ ಕೇಳಿದೆವಲ್ಲ, ಆ ದಂಡೆಲ್ಲ ಸೇರಿದರೂ ಈ ವಿಷವನ್ನು ತಡೆಯಲಾಗಿಲ್ಲ. ಹಿಂಡಿಗೆ ಬೆರೆಸಿದ ಒಂದು ಚಮಚ ಬ್ಯಾಕ್ಟೀರಿಯಾ ಪುಡಿ ತಡೆದೀತೆ?

ಹುಡುಕಾಟವೇನೂ ಹೊಸದಲ್ಲ. 1966ರಲ್ಲೇ ಅಮೆರಿಕದಲ್ಲಿ ಸುಮಾರು ಸಾವಿರ ಸೂಕ್ಷ್ಮಜೀವಿಗಳನ್ನು ಜಾಲಾಡಿ, ಅಫ್ಲಾಟಾಕ್ಸಿನ್ ತೆಗೆಯಬಲ್ಲ ಒಂದೇ ಒಂದು ಬ್ಯಾಕ್ಟೀರಿಯಾವನ್ನು ಆರಿಸಿದರು. ಹಾಲಿನಿಂದ, ಕಡಲೆಕಾಯಿ ಬೆಣ್ಣೆಯಿಂದ ಅದು ವಿಷ ತೆಗೆದದ್ದೂ ನಿಜ. ಜೊತೆಗೆ ಕಿತ್ತಳೆ ಬಣ್ಣ ಬಿಟ್ಟಿತು! ಪ್ರಯೋಗಾಲಯದ ಬೆಚ್ಚನೆಯ ನೀರಿನಲ್ಲಿ ಗಂಟೆಗಟ್ಟಲೆ ಸಮಯ ಸಿಕ್ಕರೆ ಆಗುವ ಕೆಲಸ ಒಣ ಹಿಂಡಿಯ ಚೀಲದಲ್ಲಿ ಆಗುವುದಿಲ್ಲ. ‘ವಿಷ ಮಾಯವಾಯಿತು’ ಎಂದಾಗಲೂ ಒಡೆಯಿತೋ, ಬ್ಯಾಕ್ಟೀರಿಯಾದ ಮೈಗೆ ಸುಮ್ಮನೆ ಅಂಟಿತೋ ಎಂದು ಕೇಳಬೇಕು, ಅಂಟಿದ್ದು ಬಿಟ್ಟುಕೊಂಡೀತು. ಇನ್ನು ರೂಪ ಬದಲಿಸಿದ್ದೆಲ್ಲ ಸೌಮ್ಯವಾಗುವುದೂ ಇಲ್ಲ. ಝೀರಲೆನೋನ್ ಎಂಬ ಬೂಷ್ಟು ವಿಷ ಆಲ್ಫಾ-ಝೀರಲೆನಾಲ್ ಆದರೆ ಹಾರ್ಮೋನು ಕೆಡಿಸುವ ಶಕ್ತಿ ಇನ್ನೂ ಹೆಚ್ಚುತ್ತದೆ.

ಐರೋಪ್ಯ ಒಪ್ಪಿಗೆಯ ಅರ್ಧವನ್ನಷ್ಟೇ ಎದುರಾಳಿಗಳು ಹೇಳಿದರು. ಅಲ್ಲಿ ಈ ಪುಡಿಗಳನ್ನು ಬೆರೆಸಬಹುದಾದದ್ದು ವಿಷದ ಮಿತಿಯೊಳಗೆ ಇರುವ ಮೇವಿಗೆ ಮಾತ್ರ. ಮಿತಿ ಮೀರಿದ್ದನ್ನು ಒಳ್ಳೆಯ ಮೇವಿನೊಂದಿಗೆ ಕಲಸಿ ತೆಳುವಾಗಿಸುವುದಕ್ಕೂ ನಿಷೇಧವಿದೆ. ಇಲ್ಲಿ ಇಂಥ ಪುಡಿ ಬಂದರೆ ಬೂಷ್ಟು ಹಿಡಿದ ಹಿಂಡಿಯನ್ನು ಮಾರುವುದಕ್ಕೆ ಅದೇ ನೆಪವಾಗುತ್ತದೆ, ಅದರ ಖರ್ಚು ಹೈನುಗಾರನ ತಲೆಗೆ ಬೀಳುತ್ತದೆ.

ಪಶು ಆಹಾರದಲ್ಲಿ ಬಿ1 ಕಿಲೋಗೆ 20 ಮೈಕ್ರೋಗ್ರಾಂ ದಾಟಬಾರದೆಂದು ಬಿಐಎಸ್ ಮಾನಕ ಹೇಳುತ್ತದೆ. ಪುಡಿಗೆ ಸುರಿಯುವ ಹಣದಲ್ಲಿ ಒಕ್ಕಣೆಯ ಹೊತ್ತಿಗೆ ಟಾರ್ಪಾಲು, ಕಾಳು ಒಣಗಿಸುವ ಯಂತ್ರ, ಹಾಲಿನ ಸಂಘಕ್ಕೊಂದು ಪರೀಕ್ಷಾ ಕಿಟ್ ಕೊಡಲಿ. ಅಲ್ಲಿಯವರೆಗೆ, ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಹಸುವಿನ ಮುಂದೆ ಇಡಬೇಡಿ, ಅಂಗಡಿಗೇ ವಾಪಸು ಕೊಡಿ.