ಕ್ರಯಪತ್ರದಲ್ಲಿ ಹೊಸ ಹೆಸರು, ಪಹಣಿಯಲ್ಲಿ ಹಳೆಯ ಹೆಸರು: ಎರಡು ಗಣಕ ವ್ಯವಸ್ಥೆಗಳ ನಡುವಿನ ಮಾಹಿತಿ ಹೊಂದಾಣಿಕೆ

ಕೃಷಿ ಜಮೀನಿನ ಕ್ರಯಪತ್ರವು ನೋಂದಣಿಯಾದ ಮರುದಿನ ಪಹಣಿ ಪಡೆದಲ್ಲಿ, ಅದರಲ್ಲಿ ಹಿಂದಿನ ಮಾಲೀಕರ ಹೆಸರೇ ಕಂಡುಬರುವುದುಂಟು. ಇದನ್ನು ದೋಷವೆಂದು ಭಾವಿಸಿ ತಿದ್ದುಪಡಿಗೆ ಅರ್ಜಿ ಸಲ್ಲಿಸುವ ಮುನ್ನ ಸಾರ್ವಜನಿಕರು ಇದರ ಕಾರಣವನ್ನು ಅರಿಯುವುದು ಸೂಕ್ತ.

ರಾಜ್ಯದಲ್ಲಿ ದಸ್ತಾವೇಜುಗಳ ನೋಂದಣಿಯು ‘ಕಾವೇರಿ’ ತಂತ್ರಾಂಶದಲ್ಲಿಯೂ (2023ರಿಂದ ಕಾವೇರಿ 2.0), ಪಹಣಿಗಳ ನಿರ್ವಹಣೆಯು ‘ಭೂಮಿ’ ತಂತ್ರಾಂಶದಲ್ಲಿಯೂ ನಡೆಯುತ್ತದೆ. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿಯೇ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಒಂದು ದಿನದಲ್ಲಿ ಬದಲಾಗುವುದು ಇವುಗಳ ಅತ್ಯಲ್ಪ ಭಾಗ ಮಾತ್ರ. ಆದುದರಿಂದ ಇಡೀ ದಾಖಲೆಯನ್ನು ನಕಲು ಮಾಡದೆ, ಬದಲಾವಣೆಗಳನ್ನು ಮಾತ್ರ ರವಾನಿಸುವುದೇ ಕಾರ್ಯಸಾಧ್ಯ. ವರ್ತಕರು ದಿನವಹಿಯ ಅಂದಿನ ನಮೂದುಗಳನ್ನಷ್ಟೇ ಖಾತೆವಹಿಗೆ ಏರಿಸುವ ಕ್ರಮವೂ ಇದೇ ಆಗಿದೆ. ನೋಂದಣಿಯ ವಿವರವು ‘ಜೆ ಸ್ಲಿಪ್’ ರೂಪದಲ್ಲಿ ಭೂಮಿ ವ್ಯವಸ್ಥೆಗೆ ತಲುಪುತ್ತದೆ.

ಇಂತಹ ಯಾವುದೇ ಹೊಂದಾಣಿಕೆಯು ಸರಿಯಾಗಿ ನಡೆಯಲು ಅಗತ್ಯವಾದ ಅಂಶಗಳು:

1. ಸಮಾನ ಗುರುತು: ಗ್ರಾಮ, ಸರ್ವೆ ನಂಬರ್ ಹಾಗೂ ಹಿಸ್ಸಾ ಎರಡೂ ಕಡೆ ಒಂದೇ ಆಗಿರಬೇಕು. ಹಿಸ್ಸಾ ತಪ್ಪಾದಲ್ಲಿ ನಮೂದು ತಿರಸ್ಕೃತವಾಗಬಹುದು ಅಥವಾ ಬೇರೊಂದು ಜಮೀನಿಗೆ ಸೇರಬಹುದು.

2. ಕೊನೆಯ ಸ್ವೀಕೃತಿ: ಕೊನೆಯದಾಗಿ ಸ್ವೀಕೃತವಾದ ನಮೂದಿನ ಕ್ರಮಸಂಖ್ಯೆಯನ್ನು ಕಾಯ್ದಿರಿಸಲಾಗುತ್ತದೆ. ಸಂಪರ್ಕ ಕಡಿತಗೊಂಡರೂ ಮುಂದಿನ ರವಾನೆಯು ಅಲ್ಲಿಂದಲೇ ಆರಂಭವಾಗುತ್ತದೆ.

3. ಪುನರ್ ರವಾನೆ: ಸ್ವೀಕೃತಿ ಬಾರದ ನಮೂದನ್ನು ಮತ್ತೆ ಕಳುಹಿಸಲಾಗುತ್ತದೆ. ಎರಡು ಬಾರಿ ತಲುಪಿದರೂ ಅದು ಒಮ್ಮೆ ಮಾತ್ರ ದಾಖಲಾಗಬೇಕು.

4. ರದ್ದತಿ: ಹಳೆಯ ನಮೂದು ರದ್ದಾದ ಸಂಗತಿಯು ತಾನಾಗಿಯೇ ಇನ್ನೊಂದು ವ್ಯವಸ್ಥೆಗೆ ತಿಳಿಯುವುದಿಲ್ಲ. ಅದನ್ನೂ ಪ್ರತ್ಯೇಕ ನಮೂದಾಗಿ ಕಳುಹಿಸಬೇಕು.

ಆದರೆ ಮಾಹಿತಿ ತಲುಪುವುದು ಬೇರೆ, ಹಕ್ಕು ಬದಲಾವಣೆ ಪ್ರಮಾಣೀಕರಣಗೊಳ್ಳುವುದು ಬೇರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೇ ಪ್ರಕರಣವು ಹಿತಾಸಕ್ತರಿಗೆ ನೋಟಿಸ್ ನೀಡಿ ಆಕ್ಷೇಪಣೆಗೆ ಅವಕಾಶ ಕಲ್ಪಿಸುತ್ತದೆ. ನೋಟಿಸ್ ಅಗತ್ಯವಿರುವ ಪ್ರಕರಣಗಳಲ್ಲಿ ಈ ಅವಧಿ ಮುಗಿಯುವವರೆಗೆ ಪಹಣಿಯಲ್ಲಿ ಹಳೆಯ ಹೆಸರೇ ಇರುತ್ತದೆ. ಇದು ಯಂತ್ರದ ವಿಳಂಬವಲ್ಲ. ಆಕ್ಷೇಪಣೆದಾರರಿಗೆ ಕಾನೂನು ನೀಡಿರುವ ರಕ್ಷಣೆ.

ಅಪಾಯವಿರುವುದೂ ಇದೇ ಅವಧಿಯಲ್ಲಿ. ಪಹಣಿಯೊಂದನ್ನೇ ನಂಬಿ ಮುಂಗಡ ನೀಡುವ ಖರೀದಿದಾರರಿಗೆ, ಅದೇ ಜಮೀನು ಈಗಾಗಲೇ ಮಾರಾಟವಾಗಿರುವ ಸಂಗತಿ ತಿಳಿಯದೇ ಹೋಗಬಹುದು. ಋಣಭಾರ ಪ್ರಮಾಣಪತ್ರವೊಂದೇ ಸಹ ಸಾಲದು. ಅದರಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಂಡುಬರುತ್ತವೆ, ಪೌತಿ ಖಾತೆಯ ಬದಲಾವಣೆ ಕಾಣುವುದಿಲ್ಲ.

ಆದುದರಿಂದ ಜಮೀನು ಖರೀದಿಸುವವರು ಪಹಣಿ, ಋಣಭಾರ ಪ್ರಮಾಣಪತ್ರ ಹಾಗೂ ಬಾಕಿ ಇರುವ ಹಕ್ಕು ಬದಲಾವಣೆಯ ಸ್ಥಿತಿ ಈ ಮೂರನ್ನೂ ಪರಿಶೀಲಿಸುವುದು ಅವಶ್ಯ. ನೋಟಿಸ್ ಅವಧಿ ಮುಗಿದ ನಂತರವೂ ವ್ಯತ್ಯಾಸ ಮುಂದುವರಿದಲ್ಲಿ, ದಸ್ತಾವೇಜಿನ ನೋಂದಣಿ ಸಂಖ್ಯೆಯೊಂದಿಗೆ ಸಂಬಂಧಪಟ್ಟ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.