ಗೀಸರ್ ಫಿಟ್ ಮಾಡಿ ಕೈ ತೊಳ್ಕೊಳ್ಳೋ ಎಲೆಕ್ಟ್ರಿಷಿಯನ್‌ಗಳಿಗೆ

1/5
ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. 3 ಕಿಲೋವಾಟ್ ಇನ್‌ಸ್ಟಂಟ್ ಗೀಸರ್. ಪ್ಲಗ್‌ನ ದಪ್ಪ ಪಿನ್‌ಗೆ ವೈರೇ ಇಲ್ಲ. ಹಸಿರು ವೈರನ್ನ ಕತ್ತರಿಸಿ, ಟೇಪ್ ಸುತ್ತಿ, ನೀಟಾಗಿ ಮಡಚಿ ಒಳಗಿಟ್ಟಿದ್ದಾರೆ. ಯಾಕಂದ್ರೆ ಸಾಕೆಟ್‌ನಲ್ಲೂ ಅರ್ತಿಂಗ್ ಇಲ್ಲ. ನಮ್ಮ ಬ್ಯಾಚ್‌ನ ಒಬ್ಬ ಇರೋ ಪಿಜಿಯ ಬಾತ್‌ರೂಮ್ ಇದು. ಯಾವ ಪಿಜಿ ಅಂತ ಕಮೆಂಟಲ್ಲಿ ಕೇಳ್ಬೇಡಿ, ನಿಮ್ಮದೂ ಹೀಗೇ ಇರಬಹುದು. ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಅಂತ ಓನರ್‌ಗೆ ಹೇಳಿದ್ದಕ್ಕೆ ಬಂದ ಉತ್ತರ: “ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಪ್ಪ.”

ಓನರ್ ಮೇಲೆ ಸಿಟ್ಟು ಬರತ್ತೆ, ಬರಲಿ. ಆದ್ರೆ ಆ ಟೇಪ್ ಸುತ್ತಿದ್ದು ಓನರ್ ಕೈಯಲ್ಲ. ಸ್ಕ್ರೂಡ್ರೈವರ್ ಹಿಡಿಯೋಕೆ ಬರೋ, ಹಸಿರು ವೈರ್ ಯಾಕಿರತ್ತೆ ಅಂತ ಚೆನ್ನಾಗಿ ಗೊತ್ತಿರೋ, ನಮ್ಮದೇ ಟ್ರೇಡ್‌ನವನ ಕೈ ಅದು. ಎಲೆಕ್ಟ್ರಿಷಿಯನ್ ಟ್ರೇಡ್ ಓದ್ತಿರೋ ನಾವು ಜಗಳ ಶುರು ಮಾಡಬೇಕಿರೋದು ಅವನ ಹತ್ರ.

2/5
ಮೊದಲು ಲೆಕ್ಕ. 3000 ವಾಟ್ ಅನ್ನ 230 ವೋಲ್ಟ್‌ನಿಂದ ಭಾಗಿಸಿ: 13 ಆಂಪಿಯರ್. ಇದನ್ನ 6 ಆಂಪಿಯರ್ ಸಾಕೆಟ್‌ಗೆ, ಲೈಟ್ ಪಾಯಿಂಟ್‌ನ ಸಣ್ಣ ವೈರ್‌ಗೆ ಕೊಟ್ರೆ ಪ್ಲಗ್ ಕರಗತ್ತೆ, ವಾಸನೆ ಬರತ್ತೆ, ಅಷ್ಟಾದ್ರೂ ಗೊತ್ತಾಗತ್ತೆ. ಅರ್ತಿಂಗ್ ಇಲ್ಲದ್ದಕ್ಕೆ ವಾಸನೆ ಇಲ್ಲ. ಅದೇ ಭಯ.

ಒಳಗಿನ ಎಲಿಮೆಂಟ್ ಸೀಳಿ ಫೇಸ್ ಬಾಡಿಗೆ ತಾಗ್ತು ಅಂತಿಟ್ಕೊಳ್ಳಿ. ಅರ್ತಿಂಗ್ ಚೆನ್ನಾಗಿದ್ರೆ ಜಾಸ್ತಿ ಕರೆಂಟ್ ಆ ದಾರೀಲಿ ಓಡತ್ತೆ, ಎಂಸಿಬಿ ಬೀಳತ್ತೆ, ಕಥೆ ಮುಗೀತು. ಅರ್ತಿಂಗ್ ಇಲ್ಲದಿದ್ರೆ ಏನೂ ಆಗಲ್ಲ. ಗೀಸರ್ ನೀರು ಕಾಯಿಸ್ತಾನೇ ಇರತ್ತೆ, ಬಾಡಿ ಮೇಲೆ 230 ವೋಲ್ಟ್ ಸುಮ್ಮನೆ ಕೂತಿರತ್ತೆ, ಒದ್ದೆ ಮೈಯವನು ಮುಟ್ಟೋವರೆಗೂ.

“ಎಂಸಿಬಿ ಇದ್ಯಲ್ಲ” ಅಂತೀರಾ? ಎಂಸಿಬಿ ಕಾಯೋದು ವೈರನ್ನ, ನಿಮ್ಮನ್ನಲ್ಲ. 16 ಆಂಪಿಯರ್ ಅಂದ್ರೆ 16,000 ಮಿಲಿಆಂಪಿಯರ್. ಅದರ ನೂರರಲ್ಲಿ ಒಂದು ಭಾಗ ಎದೆ ಮೂಲಕ ಹರಿದ್ರೂ ಪ್ರಾಣ ಹೋಗಬಹುದು, ಎಂಸಿಬಿ ಕದಲೋದೂ ಇಲ್ಲ. ಮನುಷ್ಯರನ್ನ ಕಾಯೋಕೆ ಇರೋದು ಆರ್‌ಸಿಸಿಬಿ. ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ತೂಗಿ, 30 ಮಿಲಿಆಂಪಿಯರ್ ವ್ಯತ್ಯಾಸ ಆಗೋದ್ರೊಳಗೆ ಕಟ್ ಮಾಡೋ ಡಬ್ಬಿ.

3/5
ಈಗ ಆ ಫೇಮಸ್ ಡೈಲಾಗ್: “ನನ್ನ ಕರೆದಿದ್ದು ಗೀಸರ್ ಫಿಟ್ ಮಾಡೋಕೆ. ವೈರಿಂಗ್ ನನ್ ಜವಾಬ್ದಾರಿ ಅಲ್ಲ.”

ಗ್ಯಾಸ್ ಸ್ಟವ್ ಕೂರಿಸೋಕೆ ಬಂದವನು, ಪೈಪ್ ಲೀಕ್ ಆಗೋ ವಾಸನೆ ಬರ್ತಿದ್ರೂ “ಪೈಪ್ ನಂದಲ್ಲ” ಅಂತ ಲೈಟರ್ ಹಚ್ಚಿ ತೋರಿಸ್ತಾನಾ?

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸೋ ಥರದ ಸಣ್ಣ ಕೆಲಸ ಬಿಟ್ರೆ, ವೈರಿಂಗ್ ಕೆಲಸವನ್ನ ಲೈಸೆನ್ಸ್ ಇರೋ ಗುತ್ತಿಗೆದಾರರು, ಪರ್ಮಿಟ್ ಇರೋ ಕೈಗಳಿಂದಲೇ ಮಾಡಿಸಬೇಕು ಅನ್ನತ್ತೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 2010ರದ್ದರಲ್ಲೂ ಇತ್ತು, 2023ರದ್ದರಲ್ಲೂ ಇದೆ. ಗೀಸರ್ ಬದಲಾಯಿಸೋದು ಸಣ್ಣ ಕೆಲಸದಲ್ಲೇ ಬರತ್ತೆ ಅಂತ ವಾದ ಮಾಡೋ ಸೀನಿಯರ್‌ಗಳಿದ್ದಾರೆ. ಇರಲಿ, ಒಪ್ಕೊಳ್ಳೋಣ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಣ್ಣೂ ಬೇಡವಾ?

ಇನ್ಯಾರು ನೋಡ್ತಾರೆ ಹೇಳಿ. ಬೆಸ್ಕಾಂ, ಹೆಸ್ಕಾಂನವರ ಲೈನು ಮೀಟರ್‌ವರೆಗೆ. ಕನೆಕ್ಷನ್ ಕೊಡೋವಾಗ ಗುತ್ತಿಗೆದಾರ ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಒಂದು ಫೈಲ್‌ನಲ್ಲಿರತ್ತೆ. ಆಮೇಲೆ ಒಂದು ಮನೆ ನಾಲ್ಕು ಮಹಡಿಯ ಪಿಜಿ ಆಗತ್ತೆ, ರೂಮಿಗೊಂದು ಗೀಸರ್ ಬರತ್ತೆ, ಆ ಹಳೇ ಕಾಗದಕ್ಕೆ ಇದ್ಯಾವುದೂ ಗೊತ್ತಿಲ್ಲ. ಅಷ್ಟು ವರ್ಷದಲ್ಲಿ ಆ ಸಾಕೆಟ್ ಬಿಚ್ಚಿ ನೋಡೋ ಅವಕಾಶ ಸಿಗೋದು ಗೀಸರ್ ಹಾಕೋಕೆ ಬಂದ ಒಬ್ಬನಿಗೆ. ಅವನೂ “ನಂದಲ್ಲ” ಅಂದ್ರೆ ಅದು ಯಾರದ್ದೂ ಅಲ್ಲ.

ಕೂಲಿ ಕಡಿಮೆ, ದಿನಕ್ಕೆ ಇಷ್ಟು ಕಾಲ್ ಮುಗಿಸಬೇಕು ಅನ್ನೋ ಟಾರ್ಗೆಟ್ ಬೇರೆ. ಗೊತ್ತು, ನಿಜ. ಹಾಗಾದ್ರೆ ಚೆಕಿಂಗ್‌ಗೆ ಬೇರೆ ಚಾರ್ಜ್ ತಗೊಳ್ರೀ! ಪೈಪ್‌ಗೆ, ನಟ್ಟಿಗೆ ಬಿಲ್ ಮಾಡ್ತೀರ, ಹತ್ತು ನಿಮಿಷದ ಟೆಸ್ಟಿಂಗ್‌ಗೆ ಮಾಡೋಕೆ ಸಂಕೋಚವಾ?

4/5
ಅರ್ತ್ ಇಲ್ಲದೆ ಬಿಡೋದಕ್ಕಿಂತ ಕೆಟ್ಟದ್ದು ಒಂದಿದೆ: ಸುಳ್ಳು ಅರ್ತ್. ಎರಡನೇ ಫೋಟೋದಲ್ಲಿ ಸಾಕೆಟ್ ಹಿಂದೆ ನೋಡಿ, ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ಚೋಟುದ್ದದ ಲೂಪ್. ಟೆಸ್ಟ್ ಲ್ಯಾಂಪ್ ಇಟ್ರೆ ಝಗ್ ಅಂತ ಉರಿಯತ್ತೆ, ಓನರ್‌ಗೆ ಖುಷಿ. ಆದ್ರೆ ಹಿಂದೆಲ್ಲೋ ನ್ಯೂಟ್ರಲ್ ಲೂಸ್ ಆಗಿ ಬಿಟ್ಟುಕೊಂಡ್ರೆ ಫೇಸ್ ಎಲಿಮೆಂಟ್ ದಾಟಿ, ಅದೇ ಲೂಪ್‌ನಿಂದ ಗೀಸರ್ ಬಾಡಿಗೆ ಬರತ್ತೆ. ಗೀಸರ್ ಹಾಳಾಗಿರಬೇಕು ಅಂತಲೂ ಇಲ್ಲ, ಹೊಸದೇ ಇರಬಹುದು. ಇನ್ನೊಂದು ಕಡೆ, ಬಾಡಿಗೆ ಸೋರಿದ ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗೋದ್ರಿಂದ ಆರ್‌ಸಿಸಿಬಿಗೆ ಲೆಕ್ಕ ಸರಿಯಾಗೇ ಕಾಣತ್ತೆ. ಕಾವಲುಗಾರನ ಕಣ್ಣಿಗೇ ಬಟ್ಟೆ ಕಟ್ಟಿದ ಹಾಗೆ. ಇದನ್ನ ‘ಅಡ್ಜಸ್ಟ್‌ಮೆಂಟ್’ ಅಂತ ಕರೀತಾರೆ. ನಾನು ಮೋಸ ಅಂತೀನಿ.

ನಮ್ಮ ಟ್ರೇಡ್‌ನವರಿಗೆ: ಆರ್‌ಸಿಸಿಬಿ ಇರೋ ಲೈನ್‌ನಲ್ಲಿ ಫೇಸ್–ಅರ್ತ್ ಮಧ್ಯೆ ಟೆಸ್ಟ್ ಲ್ಯಾಂಪ್ ಹಿಡಿದ್ರೆ ಅದು ಟ್ರಿಪ್ ಆಗಬೇಕು. ಆಗದೆ ಲ್ಯಾಂಪ್ ಆರಾಮಾಗಿ ಉರೀತಿದ್ರೆ ಸಾಕೆಟ್ ಬಿಚ್ಚಿ. ಬೇರೆಯವರು ದಯವಿಟ್ಟು ಇದನ್ನ ಮನೇಲಿ ಟ್ರೈ ಮಾಡ್ಬೇಡಿ.

5/5
ಹಾಗಾದ್ರೆ ಗೀಸರ್ ಹಾಕೋನು ಏನು ಮಾಡಬೇಕು? ವೈರ್ ಗಾತ್ರ ನೋಡ್ಬೇಕು, ಡಿಬಿಯಿಂದ ಬೇರೆ ಲೈನು, ಬೇರೆ ಎಂಸಿಬಿ ಇದ್ಯಾ ನೋಡ್ಬೇಕು. ಸಾಕೆಟ್ ಬಿಚ್ಚಲೇಬೇಕು. 500 ವೋಲ್ಟ್ ಮೆಗ್ಗರ್ ಹಾಕಿ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಇದ್ಯಾ ಅಂತ ಅಳೀಬೇಕು. ಅರ್ತಿಂಗ್ ಇಲ್ಲ ಅಂದ್ರೆ ಗೀಸರ್ ಗೋಡೆಗೆ ತೂಗುಹಾಕಿ, ಕನೆಕ್ಷನ್ ಕೊಡದೆ, “ಅರ್ತಿಂಗ್ ಇಲ್ಲ, ಕನೆಕ್ಷನ್ ಕೊಟ್ಟಿಲ್ಲ” ಅಂತ ಬಿಲ್ ಮೇಲೆ ಬರೆದು ಬರಬೇಕು. ಓನರ್ ಬೈತಾನೆ. ಇನ್ನೊಬ್ಬನ್ನ ಕರೆಸ್ತಾನೆ. ಆ ಇನ್ನೊಬ್ಬ ನಮ್ಮ ಕ್ಲಾಸಿನವನೇ ಆಗಿರಬಹುದು, ಅದಕ್ಕೇ ಇಷ್ಟುದ್ದ ಬರೀತಿರೋದು.

ಡಿಎಂಗಳಿಗೆ ಉತ್ತರ. ಆರ್‌ಸಿಸಿಬಿಯ ‘ಟಿ’ ಬಟನ್ ಒತ್ತಿದಾಗ ಬಿತ್ತು ಅಂದ್ರೆ ಆ ಡಬ್ಬಿ ಕೆಲಸ ಮಾಡ್ತಿದೆ ಅಂತ ಅಷ್ಟೇ. ಅರ್ತಿಂಗ್ ಇಲ್ಲದಿದ್ರೂ ಅದು ಬೀಳತ್ತೆ. ಸ್ನಾನಕ್ಕೆ ಮುಂಚೆ ಸ್ವಿಚ್ ಆಫ್ ಮಾಡಿದ್ರೆ ಸಾಕಾ? ಮಾಡಿ, ಒಳ್ಳೇದೇ. ಆದ್ರೆ ಮಾಮೂಲಿ ಸ್ವಿಚ್ ಒಂದೇ ವೈರ್ ಕಟ್ ಮಾಡತ್ತೆ, ಫೇಸ್–ನ್ಯೂಟ್ರಲ್ ಉಲ್ಟಾ ಆಗಿದ್ರೆ ಆಫ್ ಮಾಡಿದ್ಮೇಲೂ ಎಲಿಮೆಂಟ್‌ನಲ್ಲಿ ಫೇಸ್ ಇರತ್ತೆ. ಎರಡೂ ಕಟ್ ಮಾಡೋ ಡಿಪಿ ಸ್ವಿಚ್ ಹಾಕಿಸಿ ಅಂತ ಓನರ್‌ಗೆ ಹೇಳಿ. ನಲ್ಲಿ ಜುಮ್ ಅಂತಿದ್ರೆ ಮಾತ್ರ ಎಂಸಿಬಿ ಇಳಿಸಿ, ಸರಿಮಾಡಿಸೋ ತನಕ ಒಲೆ ಮೇಲೆ ನೀರು ಕಾಯಿಸ್ಕೊಳ್ಳಿ.