ಬಿಡುವಿನ ವೇಳೆ: ಮರಳುಗಾಡಿನ ಸೂರ್ಯೋದಯ

ಚಿತ್ರ ಬರೆಯುವುದು ಕಲಾವಿದರಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲವೆಂದೂ, ಗೃಹಸ್ಥರು ಬಿಡುವಿನ ವೇಳೆಯಲ್ಲಿ ಅದನ್ನು ಅಭ್ಯಾಸಮಾಡಬಹುದೆಂದೂ ಈ ಪುಟದಲ್ಲಿ ಹಲವು ಸಲ ಹೇಳಿದ್ದೇವೆ. ಈ ತಿಂಗಳು ನಾವೇ ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಡುತ್ತೇವೆ.

ನಮ್ಮ ಸೋದರಮಾವನವರು ಸೈನ್ಯದಲ್ಲಿದ್ದಾಗ ಎರಡು ಚಳಿಗಾಲಗಳನ್ನು ರಾಜಸ್ಥಾನದ ಜೈಸಲ್ಮೇರಿನ ಕಡೆ ಕಳೆದವರು. ಆ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಸಮ್ ಎಂಬ ಊರಿನ ಮರಳುದಿಣ್ಣೆಗಳು ಸಿಕ್ಕುತ್ತವೆ. ಅಲ್ಲಿ ಕಂಡ ಬೆಳಗನ್ನು ಅವರು ಇಂದಿಗೂ ವರ್ಣಿಸುವುದುಂಟು. ಈಚೆಗೆ ಅವರ ದೃಷ್ಟಿ ಮಂದವಾಗುತ್ತ ಬಂದಿದೆ. ವೈದ್ಯರೂ ಹೆಚ್ಚಿನ ಭರವಸೆ ಕೊಟ್ಟಿಲ್ಲ. “ಕಣ್ಣು ಕಾಣುವಷ್ಟು ದಿನ ನೋಡುತ್ತೇನೆ, ಆ ಬೆಳಗನ್ನೊಂದು ಸಲ ಬರೆದುಕೊಡಪ್ಪಾ” ಎಂದರು. ಆಗದೆಂದು ಹೇಳುವುದೆಂತು?

ತೈಲವರ್ಣವು ಒಣಗುವುದಕ್ಕೆ ದಿನಗಟ್ಟಲೆ ಬೇಕು. ಆದುದರಿಂದ ಅಕ್ರಿಲಿಕ್ ಬಣ್ಣಗಳನ್ನು ಆರಿಸಿಕೊಂಡೆವು. 1950ರ ದಶಕದಲ್ಲಿ ಬಳಕೆಗೆ ಬಂದ ಈ ನೀರುಬಣ್ಣಗಳು ಕೆಲವೇ ನಿಮಿಷಗಳಲ್ಲಿ ಒಣಗುತ್ತವೆ. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಇವುಗಳ ಗುಣವೂ ಇದೇ, ತೊಡಕೂ ಇದೇ. ಬಣ್ಣದ ತಟ್ಟೆಗೆ ಆಗಾಗ ನೀರು ಚಿಮುಕಿಸುತ್ತಿರಬೇಕು; ಕುಂಚವನ್ನು ಬಳಸಿದ ಕೂಡಲೆ ತೊಳೆಯಬೇಕು, ತಪ್ಪಿದರೆ ಅದು ಕಡ್ಡಿಯಂತಾಗುವುದು. ಒಣಗಿದಾಗ ಬಣ್ಣವು ತುಸು ಗಾಢವಾಗುವುದರಿಂದ, ಕಲಸುವಾಗ ಸ್ವಲ್ಪ ತಿಳಿಯಾಗಿಯೇ ಕಲಸತಕ್ಕದ್ದು.

12 ಅಂಗುಲ ಎತ್ತರ, 16 ಅಂಗುಲ ಅಗಲದ ಕ್ಯಾನ್‌ವಾಸು ಸಾಕು. ಕೆಳಗಿನಿಂದ ಮೂರನೆಯ ಒಂದು ಪಾಲಿನಲ್ಲಿ ದಿಗಂತದ ಗೆರೆ ಎಳೆದು, ಮೊದಲು ಆಕಾಶವನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಮೇಲೆ ಅಲ್ಟ್ರಾಮರೀನ್ ನೀಲಿ, ಕೆಳಗೆ ದಿಗಂತದ ಬಳಿ ತಿಳಿಹಳದಿ. ಇವೆರಡೂ ನೇರವಾಗಿ ಕೂಡಿದರೆ ಹಸುರಾಗುವುದು. ನಡುವೆ ಬಿಳುಪು ಬೆರೆತ ಗುಲಾಬಿಯ ಪಟ್ಟಿಯೊಂದಿರಲಿ. ಉದಯಕಾಲದಲ್ಲಿ ಸೂರ್ಯಕಿರಣಗಳು ವಾಯುಮಂಡಲವನ್ನು ಓರೆಯಾಗಿ, ಬಹುದೂರ ಹಾದು ಬರುವುದರಿಂದ ಅವುಗಳಲ್ಲಿನ ನೀಲಿಯು ದಾರಿಯಲ್ಲೇ ಚೆದರಿಹೋಗಿ, ಕೆಂಪು ಹಳದಿಗಳೇ ನಮ್ಮ ಕಣ್ಣಿಗೆ ಹೆಚ್ಚಾಗಿ ತಲಪುತ್ತವೆ. ಸೂರ್ಯನನ್ನು ಮಾತ್ರ ಕೆಂಪು ಮಾಡಲು ಆತುರಪಡಬಾರದು. ಬಿಳುಪಿಗೆ ಒಂದು ಚೂರು ಹಳದಿ ಸೇರಿಸಿ ಇಟ್ಟರೆ ಅದೇ ಬೆಳಗುತ್ತದೆ.

ಇಲ್ಲಿಯವರೆಗೆ ಸರಿಯಾಗಿತ್ತು. ಮರಳೆಂದರೆ ಹೊಂಬಣ್ಣವೆಂಬ ಭಾವನೆಯಿಂದ ದಿಣ್ಣೆಗಳಿಗೆಲ್ಲ ಹಳದಿಯನ್ನೂ ಸುಟ್ಟ ಕಾವಿಯ ಬಣ್ಣವನ್ನೂ ಧಾರಾಳವಾಗಿ ಬಳಿದೆವು. ಮನೆಮಂದಿ ಮೆಚ್ಚಿದರು. ಮಾವನವರು ಚಿತ್ರವನ್ನು ಕಿಟಕಿಯ ಬಳಿಗೆ ಒಯ್ದು, ಮುಖಕ್ಕೆ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. “ಚೆನ್ನಾಗಿದೆ. ಆದರೆ ಇದರಲ್ಲಿ ಚಳಿಯೇ ಇಲ್ಲವಲ್ಲ” ಎಂದರು.

ಮೊದಲು ಮನಸ್ಸಿಗೆ ತುಸು ನೋವಾಯಿತು. ಆಮೇಲೆ ವಿಚಾರಮಾಡಿದಾಗ ಅವರ ಮಾತೇ ದಿಟವೆಂದು ಹೊಳೆಯಿತು. ಮರಳುಗಾಡಿನ ಗಾಳಿ ಒಣಗಾಳಿ, ಮೋಡವೂ ವಿರಳ. ಹಗಲಿನ ಕಾವೆಲ್ಲ ರಾತ್ರಿ ಬೇಗನೆ ಆಕಾಶಕ್ಕೆ ಹಾರಿಹೋಗಿ, ಸೂರ್ಯೋದಯದ ಸಮಯಕ್ಕೆ ಮರಳು ತಣ್ಣಗೆ ಕೊರೆಯುತ್ತಿರುತ್ತದೆ. ಮಿಗಿಲಾಗಿ, ಸೂರ್ಯನು ಚಿತ್ರದಲ್ಲಿ ನಮ್ಮೆದುರಿಗೇ ಇರುವಾಗ ದಿಣ್ಣೆಗಳ ಈಚೆಯ ಮೈಗೆ ಬಿಸಿಲು ಎಲ್ಲಿಂದ ಬರಬೇಕು? ಆ ಮೈ ನೆರಳಿನಲ್ಲಿರುತ್ತದೆ. ಅದಕ್ಕೆ ಬೀಳುವುದು ಮೇಲಿನ ಆಕಾಶದ ನೀಲಿ ಬೆಳಕು ಮಾತ್ರ. ಆದುದರಿಂದ ಅದರ ಬಣ್ಣ ಬೂದು ಬೆರೆತ ನೇರಳೆ. ಹೊನ್ನು ಕಾಣುವುದು ದಿಣ್ಣೆಯ ನೆತ್ತಿಯ ಅಂಚಿನಲ್ಲಿ, ಒಂದು ಎಳೆಯಷ್ಟು. ನಾವು ಕಂಡದ್ದನ್ನು ಬರೆಯದೆ, ಎಣಿಸಿದ್ದನ್ನು ಬರೆದಿದ್ದೆವು.

ಅಕ್ರಿಲಿಕ್ಕಿನ ಉಪಕಾರ ತಿಳಿದುದು ಆಗಲೇ. ಕೆಳಗಿನ ಪದರ ಕದಡದಿರುವುದರಿಂದ ಚಿತ್ರವನ್ನು ಕೆರೆದುಹಾಕಬೇಕಾಗಿಲ್ಲ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಕ್ರಿಮ್ಸನ್ ಕೆಂಪು ಬೆರಸಿ, ಅಕ್ರಿಲಿಕ್ ಮೀಡಿಯಮ್ಮಿನಿಂದ ತೆಳ್ಳಗೆ ಮಾಡಿ, ದಿಣ್ಣೆಗಳ ಮೇಲೆ ಪಾರದರ್ಶಕವಾಗಿ ಎಳೆದೆವು. ಬರಿಯ ನೀರನ್ನೇ ಅತಿಯಾಗಿ ಸೇರಿಸಿದರೆ ಬಣ್ಣದ ಹಿಡಿತ ಸಡಿಲುವುದು. ಮೂರು ತೆಳುಪದರಗಳು ಒಂದರ ಮೇಲೊಂದು ಒಣಗಿದಾಗ ಹಳದಿ ಅಡಗಿ ನೆರಳು ಮೂಡಿತು. ಮುಚ್ಚದೆ ಬಿಟ್ಟ ಅಂಚುಗಳು ತಾವಾಗಿ ಉರಿದುವು. ಹೊಸದಾಗಿ ಒಂದು ಹನಿ ಹಳದಿಯನ್ನೂ ಹಾಕಿರಲಿಲ್ಲ. ಕೊನೆಗೆ ದೂರದಲ್ಲೊಂದು ಖೇಜಡಿ ಮರವನ್ನು ನಿಲ್ಲಿಸಿದೆವು. ಅದು ಬೇರೆಯೇನೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ.

ಮಾವನವರು ಮತ್ತೆ ಕಿಟಕಿಯ ಬಳಿ ನಿಂತು ನೋಡಿದರು. ಬನ್ನಿಮರ ಅವರಿಗೆ ಕಂಡಿತೋ ಇಲ್ಲವೋ ಅರಿಯೆವು; ನೆರಳೂ ಅಂಚಿನ ಬೆಳಕೂ ಕಂಡುವು. “ಹೌದು, ಆಗ ಬಂದೂಕು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು” ಎಂದರು. ಈಗ ಆ ಚಿತ್ರ ಅವರ ಮಂಚದೆದುರಿಗೆ, ಬೆಳಗಿನ ಬೆಳಕು ಬೀಳುವ ಗೋಡೆಯ ಮೇಲಿದೆ.

ಬೆಳಕನ್ನು ಬರೆಯಬೇಕೆಂಬ ವಾಚಕರು ಮೊದಲು ನೆರಳನ್ನು ವಿಚಾರಿಸಿಕೊಳ್ಳಲಿ. ಮುಂದಿನ ತಿಂಗಳು ಕುಂಚಗಳ ಆರೈಕೆಯ ವಿಷಯವಾಗಿ ಬರೆಯುತ್ತೇವೆ.